ಏಳು ಬ್ರೋಷರ್, ಒಂದು ಸೀಟು: ಸಿಂಧನೂರು ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳ ಕಾಲೇಜು ಪ್ರವೇಶದ ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನವಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರೆಂದು ಕರೆಸಿಕೊಳ್ಳುವವರ ಊರು ಅವಳದು. ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದ ಎಷ್ಟೋ ದಿನಗಳ ಮೇಲೆ ಅಲ್ಲಿಗೆ ನೀರು ಮುಟ್ಟುತ್ತದೆ. ಮೂರು ಎಕರೆ ಭತ್ತದ ಹೊಲ, ತಂದೆ, ತಾಯಿ, ಅಜ್ಜಿ ಮತ್ತು ಆಗ ಹತ್ತನೆಯ ತರಗತಿಯಲ್ಲಿದ್ದ ತಂಗಿ, ಇಷ್ಟು ಅವಳ ಮನೆ. ಮನೆಯಲ್ಲಿ ಪದವಿ ಓದಿದವರು ಯಾರೂ ಇಲ್ಲ. 2024-25ರಲ್ಲಿ, ನಾನು ಜೀವಶಾಸ್ತ್ರ ಕಲಿಸುವ ಪದವಿ ಪೂರ್ವ ಕಾಲೇಜಿನಲ್ಲಿ ಅವಳು ದ್ವಿತೀಯ ಪಿಯುಸಿ ಓದುತ್ತಿದ್ದಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಅವಳ ವಿಷಯಗಳಾಗಿದ್ದವು. ಬಿ.ಎಸ್ಸಿ. ಕೃಷಿ ಓದಬೇಕೆಂಬುದು ಅವಳ ಮನಸ್ಸಿನಲ್ಲಿ ಮೊದಲೇ ಗಟ್ಟಿಯಾಗಿದ್ದರಿಂದ, ಯಾವ ಕೋರ್ಸ್ ಎಂಬ ಚರ್ಚೆಗೆ ನಾವು ಒಂದು ದಿನವನ್ನೂ ಕಳೆಯಲಿಲ್ಲ. ಎಲ್ಲಿ, ಯಾವ ದಾರಿಯಿಂದ, ಎಷ್ಟು ಹಣಕ್ಕೆ ಎಂಬುದೇ ನವೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ ನಡೆದ ಕೆಲಸ. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು ಅದನ್ನು ಇಲ್ಲಿ ದಾಖಲಿಸಿದ್ದೇನೆ.

ಬ್ರೋಷರ್ ಕೇಳಿದ್ದು, ಬಂದದ್ದು

ನವೆಂಬರ್ ಎರಡನೆಯ ವಾರದಲ್ಲಿ ಅವಳು ನಾಲ್ಕು ಸರ್ಕಾರಿ ಮತ್ತು ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಮಾಹಿತಿ ಕೇಳಿದಳು. ಮೊದಲ ಕರಡಿನಲ್ಲಿ ಇದ್ದದ್ದು ಒಂದೇ ವಾಕ್ಯ: ತಮ್ಮ ವಿಶ್ವವಿದ್ಯಾಲಯದ ಬ್ರೋಷರ್ ಕಳಿಸಿಕೊಡಬೇಕಾಗಿ ವಿನಂತಿ. ಹಾಗೆ ಕೇಳಿದವರಿಗೆ ಕಟ್ಟಡಗಳ ಫೋಟೊ ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ಆದ್ದರಿಂದ ಆ ಕಾಗದವನ್ನು ಐದು ಪ್ರಶ್ನೆಗಳಾಗಿ ತಿದ್ದಿದೆವು. ನಾಲ್ಕು ವರ್ಷಗಳ ಒಟ್ಟು ಶುಲ್ಕ ಎಷ್ಟು, ಹಾಸ್ಟೆಲ್ ಮತ್ತು ಊಟದ ವೆಚ್ಚ ಅದರಲ್ಲಿ ಸೇರಿದೆಯೆ, ಪ್ರವೇಶ ಯಾವ ಪರೀಕ್ಷೆಯ ಮೂಲಕ, ಕೃಷಿ ಪದವಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ, ಅಂದರೆ ಐಸಿಎಆರ್‌ನ, ಮಾನ್ಯತೆ ಯಾವ ವರ್ಷದವರೆಗೆ ಇದೆ, ಸೇರಿದ ಮೇಲೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ. ಸರ್ಕಾರಿ ಸಂಸ್ಥೆಗಳಿಗೆ ಅಂಚೆಯಲ್ಲಿ ಬರೆದಳು; ಖಾಸಗಿಯವಕ್ಕೆ ಅವುಗಳ ಜಾಲತಾಣದಲ್ಲಿನ ವಿಚಾರಣಾ ಅರ್ಜಿ ತುಂಬಿದಳು. ಆ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆ ಕೊಡದೆ ಮುಂದೆ ಹೋಗಲು ಬರುತ್ತಿರಲಿಲ್ಲವಾದ್ದರಿಂದ ತಂದೆಯ ಸಂಖ್ಯೆ ಕೊಟ್ಟಳು. ಇದು ನಮ್ಮ ಮೊದಲ ತಪ್ಪು. ಮರುದಿನದಿಂದ ಹೊಲದಲ್ಲಿದ್ದ ಮನುಷ್ಯನಿಗೆ ದಿನಕ್ಕೆ ನಾಲ್ಕೈದು ಕರೆಗಳು ಬರತೊಡಗಿದವು.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎರಡರಿಂದ ಜಾಲತಾಣವನ್ನು ನೋಡಿ ಎಂಬ ಮರುತ್ತರ ಬಂತು. ಉಳಿದೆರಡರಿಂದ ಏನೂ ಬರಲಿಲ್ಲ. ಅದನ್ನು ನಾನು ಉದಾಸೀನವೆಂದು ಎಣಿಸುವುದಿಲ್ಲ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಹೆಚ್ಚಿನ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಬೇಕಾದ ನಿಯಮಗಳೆಲ್ಲ ಅದರ ಮಾಹಿತಿ ಪುಸ್ತಿಕೆಯಲ್ಲಿ ಇರುತ್ತವೆ. ಖಾಸಗಿ ಮೂರರಿಂದ ಹತ್ತು ದಿನಗಳೊಳಗೆ ದಪ್ಪ ಲಕೋಟೆಗಳು ಬಂದವು. ಅವುಗಳಲ್ಲಿ ಒಂದನ್ನು ತಂದೆ ಕಾಲೇಜಿಗೇ ಹಿಡಿದುಕೊಂಡು ಬಂದರು. ಗಟ್ಟಿ ರಟ್ಟಿನ ಹೊದಿಕೆ, ಕನ್ನಡಿಯಂತೆ ಹೊಳೆಯುವ ಕಾಗದ, ಮೊದಲ ಪುಟದಲ್ಲಿ ಹಸಿರು ಹುಲ್ಲಿನ ಮೇಲೆ ಕುಳಿತು ನಗುತ್ತಿರುವ ಮಕ್ಕಳು. ಅಂಗೈಯನ್ನು ಪಂಚೆಗೆ ಒರೆಸಿಕೊಂಡೇ ಅವರು ಪುಟ ತಿರುವುತ್ತಿದ್ದರು.

“ನೋಡ್ರಿ ಸರ್, ಎಷ್ಟು ಚಂದ ಮಾಡ್ಯಾರ. ಬುಕ್ಕೇ ಹಿಂಗ ಮಾಡ್ಯಾರಂದ್ರ ಕಾಲೇಜು ಇನ್ನೆಂಗ ಇಟ್ಟಿರಬೇಕ್ರಿ!”

ನಾನು ಅವರನ್ನು ಕೂರಿಸಿ, ಮಗಳ ಕೈಯಲ್ಲಿ ಐದು ಪ್ರಶ್ನೆಗಳ ಕಾಗದ ಕೊಟ್ಟು, ಒಂದೊಂದಕ್ಕೂ ಆ ಪುಸ್ತಕದಲ್ಲಿ ಉತ್ತರ ಹುಡುಕಲು ಹೇಳಿದೆ. ಅರ್ಧ ಗಂಟೆ ಹಿಡಿಯಿತು. ಈಜುಕೊಳದ ಅಳತೆ ಇತ್ತು, ಗ್ರಂಥಾಲಯದ ಆಸನಗಳ ಸಂಖ್ಯೆ ಇತ್ತು, ಕೆಲಸ ಕೊಟ್ಟ ಕಂಪನಿಗಳ ಲಾಂಛನಗಳು ಎರಡು ಪುಟ ತುಂಬಿದ್ದವು. ಶುಲ್ಕದ ಜಾಗದಲ್ಲಿ ಪ್ರವೇಶ ವಿಭಾಗವನ್ನು ಸಂಪರ್ಕಿಸಿ ಎಂದು ಮುದ್ರಿಸಿದ್ದರು. ಮಾನ್ಯತೆಯ ಜಾಗದಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಮಾನ್ಯತೆ ಎಂದಷ್ಟೇ ಇತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೃಷಿ ಪದವಿ ಬಯಸುವ ಎಷ್ಟೋ ಮನೆಗಳು ಎಡವುವುದು ಇದೇ ಸಾಲಿನಲ್ಲಿ. ಯುಜಿಸಿ ಮಾನ್ಯತೆಯಿಂದ ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಅಧಿಕಾರ ಇದೆಯೆಂಬುದು ತಿಳಿಯುತ್ತದೆ. ಆ ಕೃಷಿ ಕೋರ್ಸಿಗೆ ಬೇಕಾದ ಹೊಲ, ಪ್ರಯೋಗಾಲಯ, ಅಧ್ಯಾಪಕರು ಇದ್ದಾರೆಯೆ ಎಂದು ನೋಡಿ ಐಸಿಎಆರ್ ಕೊಡುವ ಮಾನ್ಯತೆ ಬೇರೆ, ಮತ್ತು ಅದಕ್ಕೆ ಅವಧಿ ಇರುತ್ತದೆ. ನಾಲ್ಕು ವರ್ಷ ಓದಿ ಎಂ.ಎಸ್ಸಿ.ಗೆ ಹೊರಟಾಗ ಅಥವಾ ಕೃಷಿ ಇಲಾಖೆಯ ಹುದ್ದೆಗೆ ಅರ್ಜಿ ಹಾಕುವಾಗ ಈ ಎರಡನೆಯ ಮಾನ್ಯತೆಯ ಪ್ರಶ್ನೆ ಎದುರಾಗುತ್ತದೆ. ಅವಳು ಆ ವಿಶ್ವವಿದ್ಯಾಲಯಕ್ಕೆ ಕರೆ ಮಾಡಿ ನೇರವಾಗಿ ಕೇಳಿದಳು. ಆ ಕಡೆಯವರು ಪ್ರಕ್ರಿಯೆಯಲ್ಲಿದೆ ಎಂದರು. ಯಾವಾಗಿನಿಂದ ಎಂದು ಕೇಳಿದ್ದಕ್ಕೆ, ನೀವು ಒಮ್ಮೆ ಕ್ಯಾಂಪಸ್ ನೋಡಲು ಬನ್ನಿ ಎಂದರು.

ಡಿಸೆಂಬರ್‌ನಲ್ಲಿ ಅದೇ ಸಂಸ್ಥೆಯ ಪರವಾಗಿ ಪ್ರವೇಶ ಸಲಹೆಗಾರನೆಂದು ಹೇಳಿಕೊಂಡ ಒಬ್ಬರು ಮೋಟಾರ್ ಸೈಕಲ್ ಮೇಲೆ ಊರಿಗೇ ಬಂದು, 25,000 ರೂಪಾಯಿ ಕಟ್ಟಿ ಸೀಟು ಕಾಯ್ದಿರಿಸಿಕೊಳ್ಳಲು ಹೇಳಿದರು. ಜೊತೆಗೆ ಹತ್ತನೆಯ ತರಗತಿಯ ಮೂಲ ಅಂಕಪಟ್ಟಿಯನ್ನೂ ಕೇಳಿದರು. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ಈ ಎರಡೂ ವಿಷಯಗಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ ಸಂಸ್ಥೆಯು ಮೂಲ ಪ್ರಮಾಣಪತ್ರಗಳನ್ನು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ವೇಳೆ ವಿದ್ಯಾರ್ಥಿಯ ಎದುರಿಗೇ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕು. ಪ್ರಾಸ್ಪೆಕ್ಟಸ್ ಕೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಇರುವಾಗ ಬಿಟ್ಟರೆ ಶುಲ್ಕವನ್ನು ಪೂರ್ತಿ ಮರಳಿಸಬೇಕು, ಅದರಲ್ಲಿ ಕತ್ತರಿಸಬಹುದಾದದ್ದು ಶೇ 5, ಅದೂ 5,000 ರೂಪಾಯಿಗೆ ಮೀರದಂತೆ. ಕೊನೆಯ ದಿನಾಂಕದ ನಂತರ 30 ದಿನ ಕಳೆದರೆ ಏನೂ ಬರುವುದಿಲ್ಲ. ಆದರೆ ಆ ಮಾತುಗಳನ್ನು ಕಟ್ಟೆಯ ಮೇಲೆ ಕುಳಿತ ಸಲಹೆಗಾರನ ಮುಂದೆ ಹೇಳುವವರು ಯಾರು? ಕೊನೆಗೆ ಅವನನ್ನು ಕಳಿಸಿದ್ದು ಅಧಿಸೂಚನೆಯಲ್ಲ, ತಂದೆಯ ಒಂದು ಮಾತು: “ನೆಲ್ಲು ಮಾರಿದ ಮ್ಯಾಲ ನೋಡೋಣ್ರಿ.” ಆ ವರ್ಷ ಧಾರಣೆ ಕೆಳಗಿದ್ದುದರಿಂದ ಅವರು ಚೀಲಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು.

ಹೊಳೆಯದ ಪುಸ್ತಿಕೆ

ಜನವರಿ ಕೊನೆಯ ಹೊತ್ತಿಗೆ ಕೆಇಎ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಅರ್ಜಿ ತೆರೆಯಿತು. ಕೆಇಎಯ ಮಾಹಿತಿ ಪುಸ್ತಿಕೆ ಪಿಡಿಎಫ್ ರೂಪದಲ್ಲಿರುತ್ತದೆ. ಒಂದು ಚಿತ್ರವೂ ಇಲ್ಲದ, ಷರತ್ತು, ಉಪಷರತ್ತು, ಅನುಬಂಧಗಳಿಂದ ತುಂಬಿದ ದಾಖಲೆ ಅದು. ಮೊಬೈಲಿನಲ್ಲಿ ಅದನ್ನು ಓದಲು ಆಗುವುದಿಲ್ಲ, ಅಥವಾ ಓದಿದೆನೆಂಬ ಭ್ರಮೆಯಷ್ಟೇ ಆಗುತ್ತದೆ. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಸಂಬಂಧಿಸಿದ ಪುಟಗಳನ್ನು ಮಾತ್ರ ತೆಗೆಸಿ, ಕಚೇರಿಯಿಂದ ತರಬೇಕಾದ ಪ್ರತಿಯೊಂದು ಕಾಗದದ ಕೆಳಗೆ ಕೆಂಪು ಗೆರೆ, ಪ್ರತಿಯೊಂದು ದಿನಾಂಕದ ಕೆಳಗೆ ಹಸಿರು ಗೆರೆ ಎಳೆಯಲು ಹೇಳಿದೆ. ಮುಗಿದಾಗ ಕೆಂಪೇ ಹೆಚ್ಚಾಗಿತ್ತು. ಹಸಿರು ನೋಡಿ ಗಾಬರಿಯಾಗುವುದು ನಮ್ಮಲ್ಲಿ ರೂಢಿ. ನಿಜವಾಗಿ ಕಾಲ ತಿನ್ನುವುದು ಕೆಂಪು.

ಅವುಗಳಲ್ಲಿ ಮೊದಲನೆಯದು 371-ಜೆ ಅರ್ಹತಾ ಪ್ರಮಾಣಪತ್ರ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯ ಅಡಿಯಲ್ಲಿ 2013ರಲ್ಲಿ ಹೊರಟ ಪ್ರವೇಶದ ಆದೇಶ, ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶದೊಳಗಿನ ವಿದ್ಯಾಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಡುತ್ತದೆ. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ರಾಯಚೂರಿನ ಕೃಷಿ ಮಹಾವಿದ್ಯಾಲಯಕ್ಕೋ ಭೀಮರಾಯನಗುಡಿಯ ಮಹಾವಿದ್ಯಾಲಯಕ್ಕೋ ಸೇರಬಯಸುವ ಸಿಂಧನೂರಿನ ಹುಡುಗಿಗೆ ಈ ಒಂದು ಕಾಗದ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಸಹಿ ಹಾಕುವವರು ಉಪವಿಭಾಗಾಧಿಕಾರಿ, ಅಂದರೆ ಜನ ಎಸಿ ಸಾಹೇಬರು ಎನ್ನುವವರು. ಸಿಂಧನೂರಿನವರಿಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರರ ವರದಿಗಳು ಕೂಡಿಕೊಂಡು ಅಲ್ಲಿಗೆ ಹೋಗಬೇಕು.

ತೊಡಕು ಬಂದದ್ದು ಯಾರೂ ಎಣಿಸದ ಕಡೆಯಿಂದ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗಿದ್ದರು; ತವರು ಇಳಕಲ್ಲು. ಕುಷ್ಟಗಿ ದಾಟಿದರೆ ಸಿಗುವ ಊರಾದರೂ ಇಳಕಲ್ಲು ಬಾಗಲಕೋಟೆ ಜಿಲ್ಲೆಗೆ ಸೇರಿದ್ದು, ಆದ್ದರಿಂದ ಆದೇಶದ ಪ್ರದೇಶದ ಹೊರಗಿನದು. ಹುಟ್ಟಿದ ಇಪ್ಪತ್ತು ದಿನಕ್ಕೆ ಈ ಕಡೆ ಬಂದ ಹುಡುಗಿಯ ಜನನ ಪ್ರಮಾಣಪತ್ರ ಅವಳನ್ನು ಹೊರಗಿನವಳೆಂದು ತೋರಿಸುತ್ತಿತ್ತು. ತಂದೆ ಈ ಪ್ರದೇಶದವರೆಂಬುದರ ಮೇಲೆ ಅರ್ಹತೆ ತೋರಿಸಬೇಕಾಯಿತು. ಅದಕ್ಕೆ ದಾಖಲೆ ಬೇಕು. ತಂದೆ ನಾಲ್ಕನೆಯ ತರಗತಿಗೆ ಬಿಟ್ಟವರು, ವರ್ಗಾವಣೆ ಪತ್ರ ಪಡೆದವರಲ್ಲ. ಊರ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರಿನ ಸಾಲು ಸಿಕ್ಕಾಗ, ಗೆದ್ದಲು ಹಿಡಿದ ಆ ಪುಟದ ಮೇಲೆ ಅವರೇ ಬೆರಳಿಟ್ಟು, ಜೊತೆಗೆ ಓದಿದವರ ಹೆಸರುಗಳನ್ನು ಒಂದೊಂದಾಗಿ ಮಗಳಿಂದ ಓದಿಸಿಕೊಂಡರಂತೆ. ಮುಖ್ಯೋಪಾಧ್ಯಾಯರು ಆ ಸಾಲಿನ ದೃಢೀಕೃತ ಪ್ರತಿ ಕೊಟ್ಟರು. ಅದನ್ನು ಸೇರಿಸಿದ ಅರ್ಜಿಗಾಗಿ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಮೂರು ಸಲ ಓಡಾಟವಾಯಿತು. ಶಕ್ತಿ ಯೋಜನೆಯಿಂದಾಗಿ ಮಗಳಿಗೆ ಟಿಕೆಟ್ ಇರಲಿಲ್ಲ. ಆದ್ದರಿಂದ ಮೂರನೆಯ ಸಲ ತಾಯಿಯೇ ಜೊತೆಗೆ ಹೋದರು, ತಂದೆ ಉಳಿದರು. ಪ್ರಮಾಣಪತ್ರ ಕೈಸೇರಿದ್ದು ಮಾರ್ಚ್ ಮಧ್ಯದಲ್ಲಿ, ಪಿಯುಸಿ ವಾರ್ಷಿಕ ಪರೀಕ್ಷೆಯ ನಡುವೆ. ರಸಾಯನಶಾಸ್ತ್ರದ ಪರೀಕ್ಷೆಯ ಹಿಂದಿನ ದಿನ ಅವಳು ಬಸ್ಸಿನಲ್ಲಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು, ಮತ್ತು ಅದಕ್ಕೆ ನಾನೂ ಹೊಣೆ. ನವೆಂಬರ್‌ನಲ್ಲಿ ಬ್ರೋಷರ್‌ಗಳಿಗೆ ಕಾಗದ ಬರೆಸುವ ಬದಲು ಈ ಅರ್ಜಿ ಕೊಡಿಸಿದ್ದರೆ ಆ ದಿನ ಬರುತ್ತಿರಲಿಲ್ಲ.

ಕೃಷಿಕರ ಮಕ್ಕಳಿಗೆ ಸೀಟು ಮೀಸಲಿಡುವ ಕೃಷಿಕರ ಕೋಟಾಕ್ಕೂ ಇಂಥದ್ದೇ ಕಥೆ. ಮೂರು ಎಕರೆಯ ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇತ್ತು. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು, ಮಾಡಿಸದೆ ವರ್ಷಗಟ್ಟಲೆ ಉಳುವುದು ನಮ್ಮ ಕಡೆ ಅಪರೂಪವೇನಲ್ಲ. ಸಾಲಕ್ಕೋ ಮಾರಾಟಕ್ಕೋ ಹೋಗುವವರೆಗೆ ಅದು ಯಾರಿಗೂ ನೆನಪಾಗುವುದಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ, ಬೇರೆ ಊರಿನಲ್ಲಿದ್ದ ಅತ್ತೆಯಂದಿರ ಒಪ್ಪಿಗೆ, ತಕರಾರಿನ ಅವಧಿ ಎಲ್ಲವೂ ಮುಗಿದು ತಂದೆಯ ಹೆಸರು ಪಹಣಿಗೆ ಬಂತು. ಮಗಳ ಸೀಟಿನ ನೆಪದಲ್ಲಿ ಹೊಲ ನನ್ನ ಹೆಸರಿಗಾಯಿತು ಎಂದು ಅವರು ಈಗಲೂ ಹೇಳುತ್ತಾರೆ. ಉಳಿದವು ಸಣ್ಣವು. ಏಳನೆಯ ತರಗತಿಯಲ್ಲಿ ತೆಗೆಸಿದ 2ಎ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿತ್ತು. ಹೊಸದನ್ನು ತೆಗೆಸಿ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಿದಳು. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಜೊತೆ ಇದ್ದ ಅಡ್ಡಹೆಸರು ಆಧಾರ್‌ನಲ್ಲಿ ಇರಲಿಲ್ಲ, ಅದನ್ನೂ ಸರಿಪಡಿಸಿದರು. ಕನ್ನಡ ಮಾಧ್ಯಮದ ಮೀಸಲಾತಿಗೆ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಸಿಕ್ಕಿತು. ಗ್ರಾಮೀಣ ಮೀಸಲಾತಿ ಮಾತ್ರ ಸಿಗಲಿಲ್ಲ. ಎಂಟರಿಂದ ಹತ್ತನೆಯ ತರಗತಿವರೆಗೆ ಅವಳು ಸಿಂಧನೂರು ನಗರದ ಹಾಸ್ಟೆಲಿನಲ್ಲಿದ್ದು ಓದಿದ್ದಳು, ನಿಯಮ ಹತ್ತೂ ವರ್ಷ ಹಳ್ಳಿಯ ಶಾಲೆಯನ್ನೇ ಕೇಳುತ್ತದೆ. ಹಳ್ಳಿಯಲ್ಲಿ ಪ್ರೌಢಶಾಲೆಯೇ ಇಲ್ಲದ ಕಾರಣ ನಗರಕ್ಕೆ ಬಂದ ಮಗು ಹಳ್ಳಿಯದಲ್ಲವೆಂಬ ಈ ಲೆಕ್ಕ ನನಗೆ ಒಪ್ಪಿಗೆಯಾಗಿಲ್ಲ. ಆದರೆ ಅದು ನಿಯಮ. ಸುಳ್ಳು ಪ್ರಮಾಣಪತ್ರ ತರಬಹುದೆಂದು ಸೂಚಿಸಿದವರಿಗೆ ಅವಳೇ ಬೇಡವೆಂದಳು.

ಪರೀಕ್ಷೆಯಿಂದ ಸೀಟಿನವರೆಗೆ

ಸಿಇಟಿ 2025ರ ಏಪ್ರಿಲ್ 16 ಮತ್ತು 17ರಂದು ನಡೆಯಿತು. ನಾಲ್ಕು ವಿಷಯ, ಪ್ರತಿಯೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಅದರ ಬಗ್ಗೆ ಹೆಚ್ಚು ಹೇಳಲು ನನ್ನಲ್ಲಿ ಏನೂ ಇಲ್ಲ, ಅವಳು ಚೆನ್ನಾಗಿ ಓದುವವಳು. ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆ ಮಾತ್ರ ನೆನಪಿನಲ್ಲಿ ಉಳಿಯುವಂಥದು. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕು. ಭತ್ತದ ವಿಷಯದಲ್ಲಿ ಅವಳಿಗೆ ಹೇಳಿಕೊಡುವವರು ಬೇಕಿರಲಿಲ್ಲ. ಆದರೆ ಕಾಲುವೆ ಬಂದ ಮೇಲೆ ಆ ಊರುಗಳಲ್ಲಿ ನವಣೆ, ಗುರೆಳ್ಳುಗಳನ್ನು ಕಂಡ ಮಕ್ಕಳೇ ಕಡಿಮೆ. ಅಜ್ಜಿ ಸಂತೆಯಿಂದ ಹದಿನೈದು ಬಗೆಯ ಕಾಳು, ಬೀಜಗಳನ್ನು ತರಿಸಿ, ಮೊರದಲ್ಲಿ ಹರಡಿ, ಕಣ್ಣು ಮುಚ್ಚಿಸಿ ಬೆರಳಲ್ಲೇ ಗುರುತು ಹಿಡಿಸಿದರು. ಪರೀಕ್ಷೆಯಿಂದ ಬಂದವಳು ಒಂದು ಆತಂಕ ಹೊತ್ತು ತಂದಳು.

“ಸರ್, ನಾನು ಗುರೆಳ್ಳು ಅಂತ ಬರದೀನ್ರಿ. ಬಾಜು ಕುಂತಿದ್ದ ಹುಡುಗಿ ಹುಚ್ಚೆಳ್ಳು ಅಂದ್ಲು. ನಂದು ತಪ್ಪಾತೇನ್ರಿ?”

ಎರಡೂ ಒಂದೇ ಎಂದು ನಾನು ಹೇಳಿದ ಮೇಲೆ ಅವಳು ಮನೆಗೆ ಹೋದಳು.

ಆಯ್ಕೆ ನಮೂದಿಸುವ ಹಂತದಲ್ಲಿ ಮನೆಯವರ ಮೊದಲ ಬೇಡಿಕೆ ವಿಚಿತ್ರವಾಗಿತ್ತು: ಸಿಗಬಹುದಾದ ಕಾಲೇಜನ್ನು ಮೇಲೆ ಬರೆದು, ಸಿಗದ್ದನ್ನು ಕೆಳಗೆ ಬರೆಯಬೇಕೆಂಬುದು. ನೆರೆಮನೆಯವರು ಹೀಗೆ ಮಾಡಿ ಸೀಟು ಪಡೆದರಂತೆ. ಈ ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಗಣಕಯಂತ್ರ ಅಭ್ಯರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಿ, ಅವಳ ರ‍್ಯಾಂಕಿಗೆ ಸಿಗುವ ಮೊದಲ ಆಯ್ಕೆಯಲ್ಲೇ ನಿಲ್ಲುತ್ತದೆ. ಆದ್ದರಿಂದ ಬೇಕಾದದ್ದನ್ನು ಬೇಕಾದ ಕ್ರಮದಲ್ಲೇ ಬರೆಯಬೇಕು, ಸಿಗುವುದಿಲ್ಲವೆಂಬ ಊಹೆಯಿಂದ ಕೆಳಗೆ ತಳ್ಳಿದರೆ ಸಿಕ್ಕರೂ ಸಿಗುವುದಿಲ್ಲ. ರಾಯಚೂರು ಮೊದಲು, ಭೀಮರಾಯನಗುಡಿ ಎರಡನೆಯದು, ಕಲಬುರಗಿ, ಆಮೇಲೆ ಧಾರವಾಡ ಎಂದು ಬರೆದಳು. ಧಾರವಾಡಕ್ಕೆ ಹೆಸರು ದೊಡ್ಡದಾದರೂ ಅವಳಿಗೆ ಅಲ್ಲಿ ಇದ್ದದ್ದು ಶೇ 8ರ ಪಾಲು.

ಮೊದಲ ಸುತ್ತಿನಲ್ಲಿ ಭೀಮರಾಯನಗುಡಿ ಬಂತು. ಕೆಇಎ ನಾಲ್ಕು ದಾರಿ ಕೊಡುತ್ತದೆ: ಸೀಟು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಗೆ ಬರುವುದು. ಎರಡನೆಯದನ್ನು ನಾನು ಸೂಚಿಸಿದೆ. ಅವಳು ಮೊದಲನೆಯದನ್ನು ಒತ್ತಿದಳು. ಕಾರಣ ರ‍್ಯಾಂಕಿನದಲ್ಲ. ಶುಲ್ಕ ಕಟ್ಟುವ ದಿನಗಳು ನಾಟಿಯ ದಿನಗಳೊಂದಿಗೆ ಕೂಡಿ ಬಂದಿದ್ದವು. ಸಸಿ, ಗೊಬ್ಬರ, ಆಳುಗಳ ಕೂಲಿಗೆ ಹಣ ಹೋಗಿ, ಶುಲ್ಕಕ್ಕಾಗಿ ತಂದೆ ಸಿಂಧನೂರಿನ ದಲಾಲಿ ಅಂಗಡಿಯಿಂದ ಬರುವ ಬೆಳೆಯ ಮೇಲೆ ಮುಂಗಡ ತಂದಿದ್ದರು. ಆ ಹಣ ಇನ್ನೊಂದು ಸುತ್ತು ಮುಗಿಯುವವರೆಗೆ ಮನೆಯಲ್ಲಿ ಉಳಿಯುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ನನ್ನ ಇನ್ನೊಂದು ತಪ್ಪನ್ನೂ ಬರೆಯಬೇಕು. ಕೇಂದ್ರೀಯ ವಿಶ್ವವಿದ್ಯಾಲಯದ ಆಸೆಯಿಂದ ಅವಳು ಅಲ್ಲಿನ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಯುಇಟಿಯನ್ನೂ ಬರೆದಿದ್ದಳು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಐಸಿಎಆರ್ ಪಾಲಿನ ಸೀಟುಗಳೂ 2023ರಿಂದ ಅದೇ ಪರೀಕ್ಷೆಯ ಅಂಕಗಳ ಮೇಲೆ ತುಂಬುತ್ತವೆ, ಆದರೆ ಅದಕ್ಕೆ ಐಸಿಎಆರ್ ಕೌನ್ಸೆಲಿಂಗ್‌ನಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಸಿಯುಇಟಿ ಬರೆದರೆ ಸಾಕೆಂದು ನಾನು ತಿಳಿದಿದ್ದೆ. ಸಿಯುಇಟಿಯ ಪುಸ್ತಿಕೆಯಲ್ಲಿ ಆ ಸಾಲು ಇತ್ತು. ಅದರ ಕೆಳಗೆ ನಾವಿಬ್ಬರೂ ಹಸಿರು ಗೆರೆ ಎಳೆದಿರಲಿಲ್ಲ. ತಿಳಿದಾಗ ನೋಂದಣಿ ಮುಗಿದಿತ್ತು.

ಅವಳು ಈಗ ಭೀಮರಾಯನಗುಡಿಯ ಹಾಸ್ಟೆಲಿನಲ್ಲಿದ್ದಾಳೆ. ಈ ವರ್ಷದಿಂದ ನಮ್ಮ ಕಾಲೇಜಿನಲ್ಲಿ 371-ಜೆ ಅರ್ಜಿಯನ್ನು ಪ್ರಥಮ ಪಿಯುಸಿಯಲ್ಲೇ ಕೊಡಿಸುತ್ತಿದ್ದೇವೆ. ಅವಳ ತಂಗಿಯೂ ಅರ್ಜಿ ಕೊಟ್ಟಿದ್ದಾಳೆ. ತಂದೆಯ ಶಾಲೆಯ ದಾಖಲೆಯ ಪ್ರತಿ ಮೊದಲೇ ಸಿದ್ಧವಿತ್ತು. ನಾಡಕಚೇರಿ ಕೊಟ್ಟ ಸ್ವೀಕೃತಿ ಚೀಟಿಯನ್ನು ತೋರಿಸಲು ಅವಳು ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ, ಕಾಗದಗಳು ಮಡಚಿಕೊಳ್ಳದಿರಲೆಂದು, ಅಕ್ಕನಿಗೆ ಬಂದಿದ್ದ ಬ್ರೋಷರಿನ ಗಟ್ಟಿ ರಟ್ಟನ್ನು ಕಿತ್ತು ಇಟ್ಟುಕೊಂಡಿದ್ದಳು.